ಬೆರಳಿಗಂಟಿದ ಸೊಗಡು

ಬಂಗಾರಪೇಟೆ ಬಿಟ್ಟ ಬೆಳಗಿನ ರೈಲಿನಲ್ಲಿ ಎದುರು ಕೂತಿದ್ದ ಹೆಂಗಸು ನನ್ನ ಮಡಿಲಿಗೆ ಎರಡು ಬೊಗಸೆ ಅವರೆಕಾಯಿ ಸುರಿದುಬಿಟ್ಟರು. ಕೇಳಲೂ ಇಲ್ಲ, ಹೇಳಲೂ ಇಲ್ಲ. ನಾನು ಸೆರಗಿನಿಂದ ಕಣ್ಣೊರೆಸಿಕೊಂಡಿದ್ದನ್ನು ನೋಡಿದ್ದರೇನೋ.

"ಕೈ ಸುಮ್ಕಿದ್ರೆ ಮನ್ಸು ಎಲ್ಲೆಲ್ಲೋ ಓಯ್ತದೆ ಕಣಕ್ಕ, ಬಿಡ್ಸು. ಹುಳ ಸಿಕ್ರೆ ಮಾತ್ರ ಕಿಟಕಿಯಾಚೆ ಎಸಿ, ನನ್ ಮ್ಯಾಲಲ್ಲ!"

ಅಕ್ಕಪಕ್ಕದವರು ನಕ್ಕರು. ಆ ವಾರದಲ್ಲಿ ಮೊದಲ ಸಲ ನಾನೂ ನಕ್ಕೆ. ಬೆಂಗಳೂರಿನ ಆಸ್ಪತ್ರೆಯಲ್ಲಿದ್ದ ಅಮ್ಮ ಆಪರೇಷನ್ ಆದಾಗಿನಿಂದ ಊಟ ಬಿಟ್ಟಿದ್ದಳು. ಗಂಜಿಯ ಚಮಚ ಕಂಡರೆ ಗೋಡೆ ಕಡೆ ತಿರುಗುತ್ತಿದ್ದಳು. ಹೀಗೇ ಆದರೆ ಮೂಗಿನಿಂದ ಪೈಪು ಹಾಕಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಅದನ್ನೆಲ್ಲ ಮರೆತು ಬೆಂಗಳೂರು ಬರುವವರೆಗೂ ಕಾಯಿ ಬಿಡಿಸಿದೆ. ಇಳಿಯುವಾಗ ಕಾಳನ್ನು ಅವರ ಚೀಲಕ್ಕೆ ಸುರಿದೆ.

ವಾರ್ಡಿನಲ್ಲಿ ಕೈ ತೊಳೆದುಕೊಂಡು ಅಮ್ಮನ ಮುಖ ಒರೆಸಲು ಹೋದೆ. ಸೋಪು ಹಚ್ಚಿದರೂ ಅವರೆಯ ಸೊಗಡು ಬಿಟ್ಟಿರಲಿಲ್ಲ. ಅಮ್ಮ ನನ್ನ ಬೆರಳು ಹಿಡಿದು ಮೂಗಿನ ಹತ್ತಿರ ಎಳೆದುಕೊಂಡಳು.

"ಅವರೆಕಾಯಿ ಬಂತೇನೇ? ನನ್ನ ಇಲ್ಲಿ ಮಲಗ್ಸಿ, ಸಾರು ಕಾಸ್ಕೊಂಡು ಉಂಡ್ಬಿಟ್ರಾ?"

"ನಿನ್ನ ಬಿಟ್ಟು ನಾವು ಉಣ್ತೀವಾ? ಈಗ ಗಂಜಿ ಕುಡಿ, ಡಾಕ್ಟ್ರನ್ನ ಕೇಳಿ ನಾಳೆ ಸಾರು ತತ್ತೀನಿ," ಅಂದೆ.

ಅಮ್ಮ ಅನುಮಾನದಿಂದ ನನ್ನ ಮುಖವನ್ನೇ ನೋಡಿದಳು. ಆಮೇಲೆ ಬಾಯಿ ತೆರೆದಳು.

ರೈಲಿನ ಆ ಹೆಂಗಸು ಮತ್ತೆ ಸಿಗಲಿಲ್ಲ. ಅಮ್ಮ ವಾಸಿಯಾಗಿ ನಮ್ಮೂರು ಬೂದಿಕೋಟೆಯ ಮನೆಯಲ್ಲಿ ಗಟ್ಟಿಮುಟ್ಟಾಗಿದ್ದಾಳೆ. ಅವರೆಕಾಯಿ ಬಿಡಿಸಿದ ದಿನ ನಾನೀಗ ಕೈ ತೊಳೆಯಲು ಅವಸರ ಮಾಡುವುದಿಲ್ಲ.