ಹನ್ನೆರಡು ಡ್ರಮ್ ಹಿಟ್ಟು, ಎರಡು ಹೆಚ್ಚುವರಿ ಪಾಟಾ

ನಾಲ್ಕು ವರ್ಷಗಳ ಹಿಂದಿನ ಮಾತು. ಪುಣೆಯ ಭೋಸರಿಯಲ್ಲಿ ಗಾಡಿಗಳ ಸ್ಪ್ರಿಂಗ್ ಮತ್ತು ಶಾಕಪ್ ಮಾರುವ ನನ್ನ ಅಂಗಡಿಗೆ ಆಗ ಹತ್ತೊಂಬತ್ತು ವರ್ಷ. ಬಾಗಲಕೋಟೆಯಿಂದ ಬರಿಗೈಲಿ ಬಂದು ಕಟ್ಟಿದ ಅಂಗಡಿ. ಅಲ್ಲಿ ಕಲಿತ ಮೊದಲ ಪಾಠವೆಂದರೆ, ಪಿಕಪ್ ಗಾಡಿ ಇಟ್ಟವರು ಭಾರದ ವಿಷಯದಲ್ಲಿ ನಿಜ ಹೇಳುವುದಿಲ್ಲ. ಒಂದು ಟನ್ ಹೇರುವವನು ಆರುನೂರು ಕಿಲೋ ಅನ್ನುತ್ತಾನೆ. ಸ್ಪ್ರಿಂಗ್ ಮುರಿದಾಗ ನನ್ನ ಮಾಲಿನ ಮೇಲೆ ಗೂಬೆ ಕೂರಿಸುತ್ತಾನೆ.

ಆ ಮಳೆಗಾಲದಲ್ಲಿ ಸದಾನಂದ ಶೆಟ್ಟರು ಹದಿನಾಲ್ಕು ವರ್ಷ ಹಳೆಯ ಪಿಕಪ್ ತಂದರು. ಉಡುಪಿ ಕಡೆಯವರು. ಇಡ್ಲಿ ಹಿಟ್ಟು ರುಬ್ಬಿ ಕಾತ್ರಜ್ ಘಾಟಿನಾಚೆಯ ಹೋಟೆಲುಗಳಿಗೆ ದಿನಾ ಸಂಜೆ ಕಳಿಸುತ್ತಿದ್ದರು. ಗಾಡಿ ಓಡಿಸುವವನು ಅವರ ತಮ್ಮ ಪ್ರಭಾಕರ.

“ಮೂತಿ ಕೆಳಗೆ, ಹಿಂದುಗಡೆ ಮೇಲೆ. ಬ್ರೇಕ್ ಹಾಕಿದ್ರೆ ಡ್ರಮ್ಮೆಲ್ಲ ಜಾರಿ ಕ್ಯಾಬಿನ್ನಿಗೆ ಬಡೀತದೆ. ನಾಲ್ಕು ಗಟ್ಟಿ ಶಾಕಪ್ ಹಾಕಿ ಲೆವೆಲ್ ಮಾಡಿ ಕೊಡಿ ಮಾರಾಯ್ರೆ,” ಎಂದರು.

ಹೆಚ್ಚಿನವರು ಎಡವುವುದು ಇಲ್ಲೇ. ಭಾರ ಹೊರುವುದು, ಎತ್ತರ ನಿರ್ಧರಿಸುವುದು ಸ್ಪ್ರಿಂಗ್. ಅದರ ಕುಣಿತವನ್ನು ಹಿಡಿದು ನಿಲ್ಲಿಸುವುದಷ್ಟೇ ಶಾಕಪ್ಪಿನ ಕೆಲಸ. ಅದರಿಂದ ಗಾಡಿ ಮೇಲೇಳುತ್ತದೆ ಎನ್ನುವವನ ಬಳಿ ವ್ಯಾಪಾರ ಮಾಡಬೇಡಿ.

ಕೆಳಗೆ ತೂರಿ ನೋಡಿದೆ. ಹಿಂದಿನ ಸ್ಪ್ರಿಂಗ್ ಎಂದರೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಕಟ್ಟು. ಒಂದೊಂದು ಪಟ್ಟಿಗೂ ಪಾಟಾ ಎನ್ನುತ್ತೇವೆ. ಎರಡೂ ಬದಿಯಲ್ಲಿ ಒಂದೊಂದು ಪಾಟಾದ ತುಕ್ಕಿನ ಬಣ್ಣವೇ ಬೇರೆ! ಶೆಟ್ಟರಿಗೆ ಗಾಡಿ ಮಾರಿದ ಹಳೆಯ ಮಾಲೀಕ ಮಾರ್ಕೆಟ್ ಯಾರ್ಡಿನ ಉಳ್ಳಾಗಡ್ಡಿ ಹೊರಲು ಸೇರಿಸಿದ್ದು. ಮೂತಿ ತಗ್ಗಿರಲಿಲ್ಲ, ಬಾಲ ಎದ್ದಿತ್ತು. ಅವನ್ನು ತೆಗೆಯುವುದೋ ಬಿಡುವುದೋ ಎಂಬುದು ಶೆಟ್ಟರು ಹೇರುವ ಭಾರದ ಮೇಲೆ ನಿಂತಿತ್ತು.

“ಶೆಟ್ರ, ಡ್ರಮ್ ಎಷ್ಟ್ ಹೇರ್ತೀರಿ?”

“ಹನ್ನೆರಡು. ಹಿಟ್ಟು ಒಟ್ಟು ಮುನ್ನೂರೈವತ್ತು ಕಿಲೋ ಆಗ್ತದೆ.”

ಗಾಡಿಯಲ್ಲಿದ್ದ ಖಾಲಿ ಡ್ರಮ್ಮುಗಳ ಮೇಲೆ ಐವತ್ತು ಲೀಟರ್ ಎಂದು ಅಚ್ಚಾಗಿತ್ತು.

“ನನಗ ಲೆಕ್ಕಾ ಕಲಿಸಾಕ ಬಂದೀರೇನ್ರಿ? ಆರ್ನೂರ್ ಕಿಲೋಕ್ಕ ಒಂದ್ ಗ್ರಾಂ ಕಮ್ಮಿ ಆಗಂಗಿಲ್ಲ.”

“ಅಳತೆ ಡ್ರಮ್ಮಿದ್ದು ಮಾರಾಯ್ರೆ, ಹಿಟ್ಟಿದ್ದಲ್ಲ,” ಎಂದು ಶೆಟ್ಟರು ನಕ್ಕರು.

ಆ ನಗುವೇ ನನ್ನ ಗುಮಾನಿ ಹೆಚ್ಚಿಸಿತು. ಆರುನೂರೆಂದೇ ಹಿಡಿದು ಪಾಟಾಗಳನ್ನು ಹಾಗೇ ಬಿಟ್ಟೆ. ಮುಂದಿನ ಸ್ಪ್ರಿಂಗಿಗೆ ನಲವತ್ತು ಮಿಲಿಮೀಟರ್ ದಪ್ಪದ ಬಿಲ್ಲೆ, ಅಂದರೆ ಸ್ಪೇಸರ್ ಕೊಟ್ಟು ಮೂತಿ ಎತ್ತಿದೆ. ನಾಲ್ಕೂ ಕಡೆ ಗಟ್ಟಿ ಶಾಕಪ್. ಗಾಡಿ ಲೆವೆಲ್ಲಾಗಿ ನಿಂತಿತು. ನಾನೂ ಮೀಸೆ ತಿರುವಿದೆ.

ಎಂಟನೇ ದಿನ ಅಣ್ಣತಮ್ಮ ಇಬ್ಬರೂ ಹಿಟ್ಟು ಹೇರಿದ ಗಾಡಿಯೊಂದಿಗೇ ಬಂದರು. ಪ್ರಭಾಕರನ ಮೊಣಕೈಗೆ ಪಟ್ಟಿ ಕಟ್ಟಿತ್ತು. ಹಿಂದಿನ ಸಂಜೆ ಘಾಟಿನ ಇಳಿಜಾರಿನಲ್ಲಿ, ಜಿನುಗು ಮಳೆಯಲ್ಲಿ ಬ್ರೇಕ್ ಒತ್ತಿದಾಗ ಗಾಡಿಯ ಹಿಂಭಾಗ ಜಾರಿ ತಡೆಗೋಡೆಗೆ ಬಡಿದಿತ್ತು. ಗೋಡೆಯಾಚೆ ಕಣಿವೆ.

“ಸ್ಪೀಡ್ ಎಷ್ಟಿತ್ತಪಾ ತಮ್ಮಾ?” ಎಂದೆ, ಇನ್ನೂ ಅನುಮಾನದಲ್ಲೇ.

“ಮೂವತ್ತು. ಮುಂದೆ ಸಿಮೆಂಟ್ ಲಾರಿ ಮೆಲ್ಲ ಹೋಗ್ತಿತ್ತು. ಅದರ ಮೇಲಿಂದ ಹೋಗ್ಲಿಕ್ಕೆ ಇದೆಂಥ ವಿಮಾನವಾ?”

ಆರುನೂರು ಕಿಲೋ ತೋರಿಸಿಯೇ ಬಿಡುತ್ತೇನೆಂದು ಒಂದು ಡ್ರಮ್ಮಿನ ಮುಚ್ಚಳ ತೆಗೆದೆ. ಹಿಟ್ಟು ಅರ್ಧಕ್ಕಿಂತ ತುಸು ಮೇಲಿತ್ತು. ಇನ್ನೊಂದು ತೆಗೆದೆ. ಅದೂ ಅಷ್ಟೇ.

“ಅರ್ಧಾ ಯಾಕ್ರಿ?”

“ಹುಳಿ ಬರುವಾಗ ಏರ್ತದಲ್ಲ! ಬಾಯಿವರೆಗೆ ತುಂಬಿಸಿದ್ರೆ ಬೆಳಿಗ್ಗೆ ಮುಚ್ಚಳ ಒಂದು ಕಡೆ, ಹಿಟ್ಟು ಒಂದು ಕಡೆ. ನಿಮ್ಮ ಮನೆಯವರನ್ನು ಕೇಳಿದ್ರೂ ಹೇಳ್ತಿದ್ರು,” ಎಂದರು ಶೆಟ್ಟರು.

ನಿತ್ಯ ಜೋಳದ ರೊಟ್ಟಿ ತಿನ್ನುವ ನನಗೆ ಅದು ಹೊಳೆದೇ ಇರಲಿಲ್ಲ. ಲಾರಿ ತೂಗುವ ವಜನ್ ಕಾಟಾದ ಮೇಲೆ ಗಾಡಿ ನಿಲ್ಲಿಸಿದೆವು. ಖಾಲಿ ಗಾಡಿಯ ತೂಕ ಕಳೆದರೆ ಉಳಿದದ್ದು ಡ್ರಮ್ಮೂ ಸೇರಿ ಮುನ್ನೂರ ಎಂಬತ್ತು. ಇಷ್ಟು ಹಗುರ ಭಾರಕ್ಕೆ ಅಷ್ಟು ಬಿರುಸಾದ ಸ್ಪ್ರಿಂಗ್ ಬಾಗುವುದೇ ಇಲ್ಲ. ಚಕ್ರ ರಸ್ತೆಯನ್ನು ಕಚ್ಚದೆ ಪುಟಿಯುತ್ತದೆ. ಮೇಲೆ ಗಟ್ಟಿ ಶಾಕಪ್ ಬೇರೆ. ಶೆಟ್ಟರು ನಿಜ ಹೇಳಿದ್ದರು. ಕಣಿವೆಯಂಚಿಗೆ ಅವರ ತಮ್ಮನನ್ನು ತಳ್ಳಿದ್ದು ನನ್ನ ಜಾಣತನ.

ಎರಡೂ ಪಾಟಾ ತೆಗೆದೆ, ಸ್ಪೇಸರ್ ಕಿತ್ತೆ, ಉಳಿದ ಸ್ಪ್ರಿಂಗಿಗೆ ಹೊಂದುವ ಸಾಧಾರಣ ಶಾಕಪ್ ಹಾಕಿದೆ. ಖಾಲಿಯಿದ್ದಾಗ ಬಾಲ ತುಸು ಮೇಲೆ, ಹಿಟ್ಟು ಹೇರಿದಾಗ ಲೆವೆಲ್. ಪಿಕಪ್ ಇರಬೇಕಾದದ್ದೇ ಹಾಗೆ.

ಆದರೆ ಪ್ರಭಾಕರ ಚಾವಿ ಹಿಡಿದು ಅಲ್ಲೇ ನಿಂತಿದ್ದ. “ಇದರಲ್ಲಿ ಕೂತು ಘಾಟಿ ಇಳೀಲಿಕ್ಕೆ ನಿಮಗೆ ಧೈರ್ಯ ಉಂಟಾ?” ಎಂದ. ಹೋಗಿ ಪಕ್ಕದ ಸೀಟಿನಲ್ಲಿ ಕೂತೆ. ಘಾಟಿನ ಅದೇ ತಿರುವಿನಲ್ಲಿ ಅವನು ಬ್ರೇಕ್ ಒತ್ತಿದ. ನನ್ನ ಕೈ ಡ್ಯಾಶ್‌ಬೋರ್ಡ್ ಹಿಡಿದಿತ್ತು, ಕಿವಿ ಹಿಂದೆ ಇತ್ತು. ಗಾಡಿಯ ಹಿಂಭಾಗ ಜಾರಲಿಲ್ಲ, ಡ್ರಮ್ಮುಗಳು ಅಲುಗಲಿಲ್ಲ.

ಗಿರಾಕಿಯನ್ನು ಅನುಮಾನಿಸುವುದನ್ನು ನಾನು ಇಂದಿಗೂ ಬಿಟ್ಟಿಲ್ಲ, ನೀವೂ ಬಿಡಬೇಡಿ. ಆದರೆ ಅನುಮಾನ ಬಂದರೆ ಗಾಡಿಯನ್ನು ಕಾಟಾಕ್ಕೆ ಕಳಿಸಿ. ಅನುಮಾನವನ್ನೇ ತೂಕವೆಂದು ಹಿಡಿದು ಸ್ಪ್ರಿಂಗ್ ಹಾಕಬೇಡಿ.