ನಾಲ್ಕು ಗಂಟೆಯೊಳಗಿನ ಬೆಳಕು

ಧಾರವಾಡದಿಂದ ಬಂದು ಸೂರತ್‌ನ ಜವಳಿ ಕಂಪನಿಯಲ್ಲಿ ಕೆಲಸಕ್ಕೆ ಸೇರಿದ ಅಕ್ಕನ ಮಗಳು ರಶ್ಮಿಗೆ ಇವತ್ತೇ ಬಾಡಿಗೆ ಮನೆ ಗೊತ್ತುಮಾಡಬೇಕಿತ್ತು. ನನಗೆ ಐದೂವರೆಗೆ ಅಹಮದಾಬಾದಿನ ರೈಲು. ಆದರೆ ನಮ್ಮಿಬ್ಬರಿಗಿಂತ ಬ್ರೋಕರ್ ಜಯೇಶಭಾಯಿಗೇ ಅವಸರ ಹೆಚ್ಚು.

"ನಾಲ್ಕರ ಮೇಲೆ ನಾನು ಮನೆ ತೋರಿಸಲ್ಲ ಬೆಹನ್, ಬೆಳಕು ಮೋಸ ಮಾಡುತ್ತೆ," ಎಂದು ಹಿಂದಿಯಲ್ಲಿ ಹೇಳುತ್ತ, ಲಿಫ್ಟಿಗೂ ಕಾಯದೆ ಐದು ಮಹಡಿ ಹತ್ತಿಸಿದರು. ಹೋದ ವರ್ಷದವರೆಗೆ ಅವರು ವಜ್ರದ ದಲ್ಲಾಳಿ. ಆ ಪೇಟೆ ಮಲಗಿದ ಮೇಲೆ ಹರಳು ಬಿಟ್ಟು ಫ್ಲ್ಯಾಟುಗಳಿಗೆ ಬಂದಿದ್ದಾರೆ. ಅಭ್ಯಾಸ ಮಾತ್ರ ಹಳೆಯದೇ. ಒಳಗೆ ಹೋದವರೇ ಉತ್ತರದ ಕಿಟಕಿ ತೆರೆದರು. ಹರಳಿನ ನಿಜ ಬಣ್ಣ ಕಾಣುವುದು ಉತ್ತರದ ಬೆಳಕಿನಲ್ಲಂತೆ, ಗೋಡೆಯದೂ ಹಾಗೆಯೇ ಅಂತೆ.

"ಮೊದಲು ಐಬು ಹೇಳಿಬಿಡಬೇಕು, ಅದು ನಮ್ಮ ಪೇಟೆಯ ರೀತಿ. ಎದುರಿನ ಕಟ್ಟಡ ಮೇಲಕ್ಕೆ ಬಂದರೆ ಈ ಬೆಳಕು ಹೋಗುತ್ತೆ."

ಎದುರಿನ ಕಟ್ಟಡ ಮೂರನೇ ಮಹಡಿಗೇ ನಿಂತುಬಿಟ್ಟಿತ್ತು. ಕಂಬಿಗಳಿಗೆ ತುಕ್ಕು ಹಿಡಿದಿತ್ತು. ಕೆಲಸದವರು ಒಬ್ಬರೂ ಕಾಣಲಿಲ್ಲ.

"ಅದು ಮುಗಿಯೂದು ಡೌಟ್ ಐತಿ," ಎಂದಳು ರಶ್ಮಿ, ನನಗಷ್ಟೇ ತಿಳಿಯುವ ಕನ್ನಡದಲ್ಲಿ. "ನಮಗ ಛಲೋನ ಆತು. ಇದನ್ನ ಹಿಡಿಯೂಣು ಮೌಶಿ."

ನಾನು ಗಡಿಯಾರ ನೋಡುತ್ತಲೇ, ಸುಮ್ಮನೆ ಮಾತಿಗೆಂದು, ಜಯೇಶಭಾಯಿಯನ್ನು ಅವರ ಮನೆ ಎಲ್ಲಿ ಎಂದು ಕೇಳಿದೆ.

"ಸದ್ಯ ಬಾಡಿಗೆ ಮನೆ. ನನ್ನ ಸ್ವಂತದ್ದು ಅಲ್ಲಿ, ಹನ್ನೊಂದನೇ ಮಹಡಿ," ಎಂದು ಜಯೇಶಭಾಯಿ ಆ ಕಟ್ಟಡದ ಕಡೆ ಕೈ ಎತ್ತಿದರು.

ಅವರ ಬೆರಳು ತೋರಿಸಿದಲ್ಲಿ ಬರೀ ಆಕಾಶವಿತ್ತು.