ಕೊಬ್ಬರಿ ಅಟ್ಟಕ್ಕೆ ಕಟ್ಟಿದ ಮಷೀನು

ಗುಡುಗುಡು ಅಂತ ಒಂದು ಕಾಯಿ ಉರುಳುತ್ತಿತ್ತು; ಅದು ನಿಂತ ಮೇಲೂ ಒಳಗಿನ ಕೊಬ್ಬರಿ ಲೊಟಕ್ ಅಂತ ಒಮ್ಮೆ ಹೊರಳುತ್ತಿತ್ತು. ತೊಂಬತ್ತರ ದಶಕದ ಕೊನೆಯಲ್ಲಿ, ಹೊಸದುರ್ಗದ ನನ್ನ ಅತ್ತೆಯ ಮನೆಯ ಅಟ್ಟದಲ್ಲಿ ಇಲಿಗಳು ಓಡಾಡುವ ಸದ್ದು ಅದು.

ಆ ಕಡೆ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ವರ್ಷದ ತನಕ ಅಟ್ಟದಲ್ಲಿ ಬಿಡುತ್ತಾರೆ. ನೀರು ಇಂಗಿ ಒಳಗಿನದು ಉಂಡೆ ಕೊಬ್ಬರಿಯಾಗುತ್ತದೆ. ಅಟ್ಟ ಅತ್ತೆಯ ಡಿಪಾರ್ಟ್‌ಮೆಂಟ್. ಎಪ್ಪತ್ತು ದಾಟಿದ್ದರೂ ಏಣಿ ಹತ್ತಿ, ಕಾಯಿಗಳನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ರೋಗಿಯನ್ನು ನೋಡಿ ಬಂದ ಡಾಕ್ಟರ ಹಾಗೆ ಗಂಭೀರವಾಗಿ ಇಳಿಯುತ್ತಿದ್ದರು. ಆ ವರ್ಷ ಇಲಿ ಹೆಚ್ಚಾದವು. ಈ ಸಲವೂ ಕಾಯಿ ತೂತು ಬಿದ್ದರೆ ಇನ್ನು ಮುಂದೆ ತೋಟದಲ್ಲೇ ಹಸಿ ಕಾಯಿ ಮಾರುವುದು, ಅಟ್ಟದ ಸಹವಾಸವೇ ಬೇಡ ಎಂದು ಭಾವ, ಅಂದರೆ ನನ್ನ ಗಂಡನ ಅಣ್ಣ, ಹೇಳಿಬಿಟ್ಟರು. ಅತ್ತೆ ಅವತ್ತು ಊಟ ಮಾಡಲಿಲ್ಲ.

ನಾನು ಚಿತ್ರದುರ್ಗದವಳು, ಕಾನ್ವೆಂಟಿನಲ್ಲಿ ಓದಿದವಳು. ಸೈನ್ಸ್ ಮೇಲೆ ನನಗೆ ಅಪಾರ ಫೇತ್. ಅತ್ತೆಯ ಅಟ್ಟ ಉಳಿಸಲು ದುರ್ಗದಿಂದ ಒಂದು ಅಲ್ಟ್ರಾಸಾನಿಕ್ ಮಷೀನು ತಂದೆ. ಸೋಪಿನ ಡಬ್ಬಿಯಷ್ಟಿತ್ತು, ಪ್ಲಗ್ಗಿಗೆ ಸಿಕ್ಕಿಸಿದರೆ ಕೆಂಪು ದೀಪ. ಅದರ ಸದ್ದು ಮನುಷ್ಯರಿಗೆ ಕೇಳಿಸುವುದಿಲ್ಲ, ಇಲಿಗೆ ತಡೆಯಲಾಗುವುದಿಲ್ಲ ಎಂದು ಮ್ಯಾನ್ಯುಯಲ್ ಓದತೊಡಗಿದರೆ ಅತ್ತೆ ನನ್ನ ಬಾಯಿ ಮುಚ್ಚಿದರು. ಇಲಿ ಓಡಿಸುವ ಮಾತನ್ನು ಮನೆಯೊಳಗೆ ಆಡಬಾರದು, ಕೇಳಿಸಿಕೊಂಡು ಸೀರೆ ಕಡಿಯುತ್ತವೆ. ಅವಕ್ಕೆ ಇಂಗ್ಲಿಷ್ ಎಲ್ಲಿ ಬರುತ್ತದೆ ಎಂದೆ.

"ನಿನ್ನ ಇಂಗ್ಲಿಷ್ ಪುಸ್ತಕ ಅರ್ಧ ತಿಂದವೆ. ಬರದೆ ಇರ್ತೈತೇನವ್ವ?"

ಹಾಗಾಗಿ ಬೀದಿಗೆ ಹೋಗಿ, ಪಿಸುಗುಟ್ಟುತ್ತಾ ಓದಿ ಮುಗಿಸಿದೆ. ವೈರು ಎಳೆದು ಮಷೀನನ್ನು ಅಟ್ಟದ ತೊಲೆಗೆ ಕಟ್ಟಿದ್ದಾಯಿತು. ಕೇಳಿಸದ ಸದ್ದನ್ನು ಕೇಳಲು ಬೀದಿಯವರೆಲ್ಲ ಬಂದರು. ಚಾಪೆ ಹಾಸಿ, ಟೀ ಕೊಟ್ಟು, ಎಲ್ಲರೂ ಉಸಿರು ಬಿಗಿಹಿಡಿದು ಕುಳಿತೆವು. ಪಕ್ಕದ ಮನೆಯ ಮೇಷ್ಟರಿಗೆ ಮಾತ್ರ ಸ್ವಲ್ಪ ಕೇಳಿಸಿತಂತೆ. ಆಮೇಲೆ ಬಹಳ ದಿನ ಜನ ಅವರನ್ನು ಒಂಥರಾ ನೋಡುತ್ತಿದ್ದರು.

ಇಲಿಗಳು ಕ್ಯಾರೇ ಅನ್ನಲಿಲ್ಲ. ಚಳಿ ಬಂದಾಗ ಮಷೀನು ಬೆಚ್ಚಗಿತ್ತೆಂದೋ ಏನೋ, ಅದರ ಮಗ್ಗುಲಲ್ಲೇ ಮರಿ ಹಾಕಿದವು. ಕೊಬ್ಬರಿ ಇಳಿಸಿದ ದಿನ ಬುಟ್ಟಿಗಟ್ಟಲೆ ತೂತು ಕಾಯಿ. ಅತ್ತೆ ಒಂದೊಂದನ್ನೂ ತಿರುಗಿಸಿ, ತೂತು ಕೆಳಗೆ ಬರುವಂತೆ ಜೋಡಿಸಿಟ್ಟರು. ಭಾವ ನೋಡಿದರು, ಆಡಿದ ಮಾತು ನಡೆಸಿದರು.

ಅಟ್ಟ ಬರಿದಾಯಿತು. ತಿನ್ನಲು ಏನೂ ಇಲ್ಲದೆ ಇಲಿಗಳೂ ಹೋದವು. ಭಾವನಿಗೆ ಅದು ಮಷೀನಿನ ಮಹಿಮೆ.

"ಸ್ವಲ್ಪ ಲೇಟು ಅಷ್ಟೇ ಕಣ್ರಿ, ಮಾಲು ಚೆನ್ನಾಗೈತೆ" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು.

ಅತ್ತೆಯನ್ನು ಕೊನೆಯ ಸಲ ನೋಡಿದ್ದು ಒಂದು ಮಧ್ಯಾಹ್ನ, ನಾನು ದುರ್ಗಕ್ಕೆ ಹೊರಟಾಗ. ಮಷೀನನ್ನು ಕಿತ್ತು ಕಿಟಕಿಯಲ್ಲಿಟ್ಟು, ಸೆರಗಿನಲ್ಲಿ ಕಡಲೆಬೀಜ ಕಟ್ಟಿಕೊಂಡು ಏಣಿ ಹತ್ತುತ್ತಿದ್ದರು. ಯಾರಿಗೆ ಅತ್ತೆ ಎಂದು ಕೇಳಿದೆ.

"ಅವಾದ್ರೂ ಬರ್ಲಿ ಬಿಡವ್ವ. ಮ್ಯಾಲೆ ಯಾರೂ ಇಲ್ಲ."

ಬಸ್ಸಿಗೆ ಹೊತ್ತಾಗಿತ್ತು. ಅವರು ಇಳಿಯುವ ತನಕ ಏಣಿ ಹಿಡಿದು ನಿಂತಿದ್ದೆ.